ಅರವತ್ತೊಂದನೆಯ ಬಾವಿಯ ಸದ್ದು

ಪ್ರಮೋದಾ ಅವರನ್ನು ಮೊದಲ ಸಲ ಕಂಡಾಗ ನಾನು ಹಾಕಿದ ಅಂದಾಜು ಇಷ್ಟು: ವಯಸ್ಸು ನಲವತ್ತೈದರ ಆಸುಪಾಸು, ಎತ್ತರ ಐದಡಿಗೆ ಎರಡು ಬೆರಳು ಕಮ್ಮಿ, ಮೈಮೇಲಿನ ಸೀರೆ ಪಾಲಿಯೆಸ್ಟರ್, ಬಣ್ಣ ಹೋಗಿ ಎರಡು ವರ್ಷ. ಆದರೆ ನೆರಿಗೆ ಮಾತ್ರ ಸ್ಕೇಲಿಟ್ಟು ಗೆರೆ ಎಳೆದ ಹಾಗೆ. ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷ ರೇಷ್ಮೆ ಸೀರೆ ಮಾರಿದವನಿಗೆ ನೆರಿಗೆ ನೋಡಿದರೆ ಸಾಕು, ಗಿರಾಕಿ ಎಂಥವರೆಂದು ತಿಳಿಯುತ್ತದೆ. ಇವರು ಚೌಕಾಸಿ ಮಾಡುವವರಲ್ಲ. ಆದರೆ ಒಂದು ಎಳೆ ತಪ್ಪಿದ್ದರೂ ಸೀರೆಯನ್ನು ವಾಪಸ್ ತರುವವರು. ಚೌಕಾಸಿಯವರನ್ನು ನಾನು ನಿಭಾಯಿಸಬಲ್ಲೆ. ಈ ಜಾತಿಯ ಗಿರಾಕಿ ಅಂದರೆ ನನಗೆ ಒಳಗೊಳಗೇ ಭಯ.

ಅವರು ಬಂದದ್ದು ಸೀರೆಗಲ್ಲ, ಅಂಗಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೇಳಲು. ಕೇಳಿದ ಪ್ರಶ್ನೆ ಒಂದೇ: ಇಲ್ಲಿ ಸದ್ದು ಯಾವಾಗ ನಿಲ್ಲುತ್ತದೆ? ಬೀದಿಯುದ್ದಕ್ಕೂ ಮಗ್ಗ ಬಡಿಯುವ ಊರಲ್ಲಿ ಇಂಥದ್ದನ್ನು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಕರೆಂಟ್ ಹೋದಾಗ ನಿಲ್ಲುತ್ತದಮ್ಮ ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ.

"ಸಾಕು ಸಾವ್ಕಾರ್ರೇ. ಆವಾಗ್ಲೇ ಕೇಳಿಸ್ಕೋತೀನಿ."

ಕುಂದಾಣದ ಕಡೆಯ ರೈತರ ಮನೆಯ ಹೆಣ್ಣುಮಗಳು. ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಹದಿನಾರು ವರ್ಷ ಚೆಕಿಂಗ್ ಕೆಲಸ ಮಾಡಿದವರು. ಹೊಲಿದು ಬಂದ ಅಂಗಿಯನ್ನು ಕೈಯಲ್ಲಿ ತಿರುವಿ, ತಪ್ಪಿದ್ದ ಕಡೆ ಕೆಂಪು ಚೀಟಿ ಅಂಟಿಸುವುದು. ಕಣ್ಣು ಸೋತ ಮೇಲೆ ಆ ಕೆಲಸ ಬಿಟ್ಟು ಕಿವಿಯ ಕೆಲಸ ಹಿಡಿದಿದ್ದರು. ಅದೇನೆಂದು ನನಗೆ ಅರ್ಥವಾಗಲು ಒಂದು ತಿಂಗಳು ಹಿಡಿಯಿತು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ತನ್ನಲ್ಲಿದ್ದ ಹಳೆಯ ಬರಹ, ಚಿತ್ರ, ಧ್ವನಿಗಳನ್ನೆಲ್ಲ ಇಂಟರ್‌ನೆಟ್ಟಿಗೆ ಏರಿಸಿ, ಯಾರು ಬೇಕಾದರೂ ನೋಡಲಿ, ಒಯ್ಯಲಿ ಎಂದು ತೆರೆದಿಟ್ಟಿದೆ. ಪ್ರತಿಯೊಂದರ ಕೆಳಗೂ ಅದರೊಳಗೆ ಏನಿದೆಯೆಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕು. ಧ್ವನಿಗಳ ಪಾಲಿಗೆ ಆ ನಾಲ್ಕು ಸಾಲು ಬರೆಯುವವರು ಪ್ರಮೋದಾ. ಜೊತೆಗೆ ಬರುವ ಚಿತ್ರ, ಪುಸ್ತಕಗಳನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದರು.

ಊಟವಾದ ಮೇಲೆ ಮಹಡಿ ಹತ್ತಿ, ಇವತ್ತು ಯಾವ ಮಾಲು ಬಂತಮ್ಮ ಎಂದು ಕೆಣಕುವುದು ನನಗೆ ಅಭ್ಯಾಸವಾಯಿತು. ಒಂದು ದಿನ ಮಾಕಳಿದುರ್ಗದ ಬಾವಲಿಗಳ ಕೂಗು, ಮನುಷ್ಯರ ಕಿವಿಗೆ ನಿಲುಕುವಂತೆ ನಿಧಾನ ಮಾಡಿದ್ದು. ಇನ್ನೊಂದು ದಿನ ಎಮ್ಮೆ ಕರೆಯಲು ಹೊಸಕೋಟೆ ಸುತ್ತ ಬಳಸುತ್ತಿದ್ದ ಅರವತ್ತು ಬಗೆಯ ಉಲಿ. ಕರೆದವರಲ್ಲಿ ಈಗ ಬದುಕಿರುವವರು ಮೂರೇ ಜನ. ಪಾಳಿ ಕೆಲಸದ ನೂರು ಕಾರ್ಮಿಕರು ನಿದ್ದೆಯಲ್ಲಿ ಆಡಿದ ಮಾತು. ಹೊಂಗೆ ಹಿಂಡಿಯಿಂದ ಇಟ್ಟಿಗೆ ಮಾಡಲು ಹೋಗಿ ಒಂಬತ್ತು ವರ್ಷ ಸೋತವರೊಬ್ಬರ ದಿನಚರಿ. ಒಂದೇ ರಾಗಿ ಹೊಲವನ್ನು ಒಂದೇ ಜಾಗದಲ್ಲಿ ನಿಂತು ಮೂವತ್ತು ವರ್ಷ ತೆಗೆದ ಚಿತ್ರಗಳೂ ಇದ್ದವು. ಚಿತ್ರದ ಮೂಲೆಯಲ್ಲಿ ತೆಗೆದವರ ನೆರಳು ಬಿದ್ದಿದೆ, ವರ್ಷ ಕಳೆದಂತೆ ಅದು ಬಾಗುತ್ತ ಬಂದಿದೆ ಎಂದು ಪ್ರಮೋದಾ ತೋರಿಸಿದರು. ಕೊನೆಯ ಏಳು ಚಿತ್ರಗಳಲ್ಲಿ ನೆರಳೇ ಇಲ್ಲ. ಹಾಗಾದರೆ ಅವನ್ನು ತೆಗೆದವರು ಯಾರು ಎಂದು ಕೇಳಿದೆ. ಅದು ಬರೆದಿಲ್ಲ ಎಂದರು.

ಅಂಗಡಿಯವನಿಗೆ ಇದೆಲ್ಲ ವಿಚಿತ್ರ. ಹೋಗದ ಮಾಲನ್ನು ನಾವು ಹಿಂದಿನ ಬೀರುವಿಗೆ ತಳ್ಳುತ್ತೇವೆ, ಆಮೇಲೆ ಅದನ್ನು ಇಲಿ ನೋಡಿಕೊಳ್ಳುತ್ತದೆ. ಇಲ್ಲಿ ಗೆದ್ದದ್ದು, ಸೋತದ್ದು, ಅರ್ಧಕ್ಕೆ ಬಿಟ್ಟದ್ದು, ಎಲ್ಲಕ್ಕೂ ಒಂದೇ ಸಾಲು, ಒಂದೇ ಮರ್ಯಾದೆ. ಮೇಲಾಗಿ ಬಾಗಿಲಿಗೆ ಬೀಗವಿಲ್ಲ.

"ಬೀಗ ಇಲ್ದಿರೋ ಗೋಡೌನ್ ಇಟ್ಕೊಂಡು ಯಾರಮ್ಮ ವ್ಯಾಪಾರ ಮಾಡ್ತಾರೆ?"

"ಎತ್ಕೊಂಡು ಹೋಗೋರು ಬರ್ಲಿ ಅಂತಾನೇ ಇಟ್ಟಿರೋದು. ಬರೋರು ಕಮ್ಮಿ, ಅದೇ ಬೇಜಾರು."

ಅವರದು ಒಂದು ಕಟ್ಟುಪಾಡಿತ್ತು. ಕೇಳಿಸಿದ್ದನ್ನು ಬರೆಯಬೇಕು, ಅನ್ನಿಸಿದ್ದನ್ನು ಬರೆಯಬಾರದು. ನನ್ನ ಇಡೀ ಕಸುಬು ನಿಂತಿರುವುದು ಇದಕ್ಕೆ ತದ್ವಿರುದ್ಧದ ಮೇಲೆ.

ಆ ವರ್ಷ ಬಾಶೆಟ್ಟಿಹಳ್ಳಿ ದಾಟಿ ಒಂದು ಜಾಗವನ್ನು, ಅದರ ಮೇಲಿದ್ದ ಶೆಡ್ಡಿನ ಸಮೇತ, ಗಂಗಣ್ಣ ಎಂಬ ರೈತನಿಂದ ಕೊಂಡೆ. ಹೊಲಿಗೆ ಕಲಿತ ನನ್ನ ಮಗಳು ನವ್ಯಶ್ರೀ ಅಲ್ಲಿ ಬ್ಲೌಸ್ ಹೊಲಿಯುವ ಘಟಕ ಮಾಡುವುದೆಂದು ನಿಶ್ಚಯವಾಗಿತ್ತು. ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಅದರ ಸುತ್ತ ಹನ್ನೊಂದು ಹೆಂಗಸರು, ಹನ್ನೊಂದು ಮಷೀನು. ಸೋಮವಾರಕ್ಕೆ ಮುಹೂರ್ತ. ಗೇಟಿನ ಪಕ್ಕ ಒಂದು ಹಳೆಯ ವೀರಗಲ್ಲಿತ್ತು. ಕುದುರೆ ಇದೆ, ಸವಾರನಿಗೆ ತಲೆಯಿಲ್ಲ. ಅದನ್ನು ನಾನು ಬಂದವರಿಗೆಲ್ಲ ವರ್ಣಿಸಿದ್ದೆ, ಪ್ರಮೋದಾ ಅವರಿಗೂ. ಶೆಡ್ಡಿನ ನೆಲದ ನಟ್ಟನಡುವೆ ಸಿಮೆಂಟಿನ ಒಂದು ದುಂಡನೆಯ ತೇಪೆಯಿತ್ತು. ಮುಂಚೆ ಬಾವುಟದ ಕಂಬವಿತ್ತು ಎಂದು ಗಂಗಣ್ಣ ಹೇಳಿದ್ದ. ಸೂರಿನ ಕೆಳಗೆ ಬಾವುಟದ ಕಂಬ ಯಾಕೆ ಎಂದು ನಾನು ಕೇಳಲಿಲ್ಲ. ಜಾಗ ಹಿಡಿಸಿಬಿಟ್ಟಿತ್ತು. ಹಿಡಿಸಿದ ಮೇಲೆ ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ ಎಂಬುದು ನನ್ನ ಗಿರಾಕಿಗಳಿಂದ ನಾನೇ ಕಲಿತ ಪಾಠ.

ಮುಹೂರ್ತಕ್ಕೆ ಎರಡು ದಿನ ಮುಂಚೆ, ಶನಿವಾರ, ಪ್ರಮೋದಾ ತಾವಾಗಿ ಕೆಳಗಿಳಿದು ಅಂಗಡಿಗೆ ಬಂದರು. ಹಾಗೆ ಬಂದದ್ದು ಅದೇ ಮೊದಲು. ಮಾತು ಸೀದಾ ಇತ್ತು: ನಿಮ್ಮ ಶೆಡ್ಡಿನ ಕೆಳಗೆ ಬಾವಿಯಿದೆ, ಸೋಮವಾರ ಅಲ್ಲಿ ಯಾರನ್ನೂ ಕೂರಿಸಬೇಡಿ.

ನನಗೆ ಮೊದಲು ಬಂದದ್ದು ಅನುಮಾನ. ಆ ಜಾಗದ ಮೇಲೆ ಇನ್ನಿಬ್ಬರ ಕಣ್ಣಿತ್ತು. ಕೊಂಡವನನ್ನು ಹೆದರಿಸಿ ಮಾಲು ಬಿಡಿಸಿಕೊಳ್ಳುವುದು ನಮ್ಮ ಪೇಟೆಗೆ ಹೊಸದಲ್ಲ.

"ಯಾರಮ್ಮ ಕಳ್ಸಿದ್ದು ನಿಮ್ಮನ್ನ?"

"ವಸಂತ್ ಅನ್ನೋರು."

"ಯಾವ ವಸಂತು?"

"ಮೂವತ್ತು ವರ್ಷದ್ ಹಿಂದೆ ಬಾವೀಲಿ ಕೂಗ್ದೋರು. ಬನ್ನಿ, ಕೇಳಿಸ್ತೀನಿ. ಕರೆಂಟ್ ಹೋಗಿದೆ."

ನಿಜ, ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಸುಮ್ಮನಾಗಿದ್ದವು. ಮಟಮಟ ಮಧ್ಯಾಹ್ನ. ನಾನು ಮಹಡಿ ಹತ್ತಿದೆ.

ವಸಂತ್ ಎಂಬ ವಿದ್ಯಾರ್ಥಿ ದೊಡ್ಡಬಳ್ಳಾಪುರ, ದೇವನಹಳ್ಳಿ ತಾಲ್ಲೂಕುಗಳ ನೂರ ಹನ್ನೆರಡು ತೆರೆದ ಬಾವಿಗಳಿಗೆ ಹೋಗಿ, ಕಟ್ಟೆಯ ಮೇಲೆ ನಿಂತು ಒಂದು ಚಪ್ಪಾಳೆ ತಟ್ಟಿ, ಒಂದು ಸಲ ತನ್ನ ಹೆಸರನ್ನು ತಾನೇ ಕೂಗಿ, ಪ್ರತಿಧ್ವನಿಯನ್ನು ಟೇಪಿನಲ್ಲಿ ಹಿಡಿದಿದ್ದರು. ಕಿವಿಯಿಂದಲೇ ಆಳ ಹೇಳಬಹುದೇ ಎಂಬುದು ಅವರ ಪ್ರಶ್ನೆ. ಹೇಳಲಾಗದು ಎಂದು ಕೊನೆಗೆ ತಾವೇ ಬರೆದಿದ್ದರು. ಅಂದರೆ ಸೋತ ಮಾಲು. ಯಾವ ಬಾವಿ ಎಲ್ಲಿ ಎಂದು ಹೆಜ್ಜೆ ಎಣಿಸಿ ಗುರುತಿಟ್ಟ ಪುಸ್ತಕವೂ ಧ್ವನಿಗಳ ಜೊತೆಗಿತ್ತು.

ಪ್ರಮೋದಾ ಮೊದಲು ಅರವತ್ತನೆಯದನ್ನು ಕೇಳಿಸಿದರು. ಚಪ್ಪಾಳೆ, ಎಳೆಯ ಗಂಟಲಿನಲ್ಲಿ "ವಸಂತ್", ಕೆಳಗಿನಿಂದ ಅದೇ ಹೆಸರು ಒದ್ದೆಯಾಗಿ ತಿರುಗಿ ಬಂತು. ಆಮೇಲೆ ಅರವತ್ತೊಂದು. ಚಪ್ಪಾಳೆ. ಹೆಸರು. ಏನೂ ತಿರುಗಿ ಬರಲಿಲ್ಲ. ಹತ್ತಿಯ ಮೂಟೆಗೆ ಗುದ್ದಿದ ಹಾಗೆ ಕೂಗು ಅಲ್ಲೇ ನಿಂತುಹೋಯಿತು. ದೂರದಿಂದ ಒಬ್ಬ ಹೆಂಗಸಿನ ದನಿ: "ಅಲ್ಲಿ ಕೂಗ್ಬೇಡ ಕಣಪ್ಪ, ಮುಚ್ತಾ ಇದೀವಿ ಅದ್ನ." ಮತ್ತೆ ನಿಶ್ಶಬ್ದ. ಆಮೇಲೆ, ಬಹಳ ಕೆಳಗೆ, ಏನೋ ಬಿತ್ತು.

ಬ್ಯಾಟರಿಯ ಮೇಲೆ ಓಡುತ್ತಿದ್ದ ಕಂಪ್ಯೂಟರಿನಲ್ಲಿ ಪ್ರಮೋದಾ ಬರೆದ ಸಾಲು ಹೀಗಿತ್ತು: "ಹತ್ತೊಂಬತ್ತನೇ ಸೆಕೆಂಡಿಗೆ ಕೆಳಗೆ ಏನೋ ಬೀಳುವ ಸದ್ದು. ಎಸೆದವರು ಯಾರೂ ಇಲ್ಲ."

ನನ್ನ ಅಜ್ಜಿ ಒಬ್ಬಳಿದ್ದಳು. ಮಧ್ಯಾಹ್ನದ ಹೊತ್ತು ಬಾವಿಯೊಳಕ್ಕೆ ನಿನ್ನ ಹೆಸರನ್ನು ನೀನೇ ಕೂಗಬೇಡ, ಬಾವಿ ಇಟ್ಟುಕೊಂಡುಬಿಡುತ್ತದೆ ಎಂದು ಹೆದರಿಸುತ್ತಿದ್ದಳು. ಅದನ್ನು ಹೇಳಿ ನಕ್ಕೆ. ನಗು ನಾನಂದುಕೊಂಡಷ್ಟು ಚೆನ್ನಾಗಿ ಬರಲಿಲ್ಲ.

"ಮುಂದಿನ ಐವತ್ತೊಂದು ಬಾವೀಲಿ ಅವ್ರು ಹೆಸರು ಕೂಗಿಲ್ಲ ಸಾವ್ಕಾರ್ರೇ," ಎಂದರು ಪ್ರಮೋದಾ. "ಬರೀ ಚಪ್ಪಾಳೆ."

ಆಮೇಲೆ ವಸಂತ್ ಏನಾದರು ಎಂದು ಕೇಳಿದೆ. ಅದೂ ಬರೆದಿಲ್ಲವಂತೆ. ಬರೆದಿದ್ದದ್ದು ಜಾಗದ ಗುರುತು: ತಲೆಯಿಲ್ಲದ ಸವಾರನ ವೀರಗಲ್ಲಿನಿಂದ ಪೂರ್ವಕ್ಕೆ ನಲವತ್ತೆರಡು ಹೆಜ್ಜೆ. ಹಿಂದಿನ ಭಾನುವಾರವೇ ಪ್ರಮೋದಾ ಬಸ್ಸು ಹತ್ತಿ ಹೋಗಿ, ಬೇಲಿಯಾಚೆಯಿಂದಲೇ ಹೆಜ್ಜೆ ಅಳೆದು ಬಂದಿದ್ದರು. ಎತ್ತರದ ಗಂಡಸಿನ ಹೆಜ್ಜೆ ಇರಲಿ, ತಮ್ಮ ಗಿಡ್ಡ ಹೆಜ್ಜೆ ಇರಲಿ, ಎರಡು ಲೆಕ್ಕದಲ್ಲೂ ಅದು ಶೆಡ್ಡಿನ ಒಳಗೇ ಬೀಳುತ್ತಿತ್ತು. ಒಂದು ವಾರ ಯಾಕೆ ಸುಮ್ಮನಿದ್ದಿರಿ ಎಂದೆ. ಪುಸ್ತಕದಲ್ಲಿ ಅಂಥ ವೀರಗಲ್ಲು ಬೇರೆಲ್ಲೂ ಇಲ್ಲವೆಂದು ಪೂರ್ತಿ ನೋಡಿ ಮುಗಿಸಿದ್ದು ಇವತ್ತು ಬೆಳಿಗ್ಗೆ ಎಂದರು. ಅನುಮಾನಕ್ಕೆ ಕೆಂಪು ಚೀಟಿ ಅಂಟಿಸುವವರಲ್ಲ ಅವರು.

ನಾವು ಆಗಲೇ ಕಾರು ಹತ್ತಿದೆವು. ಶೆಡ್ಡಿನಲ್ಲಿ ನವ್ಯಶ್ರೀ ಮಷೀನುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಕತ್ತರಿಸುವ ಮೇಜು ಆ ದುಂಡನೆಯ ತೇಪೆಯ ಮೇಲೆಯೇ ನಿಂತಿತ್ತು. ವಿಷಯ ಕೇಳಿ ಅವಳಿಗೆ ಸಿಟ್ಟು ಬಂತು.

"ಏನಪ್ಪಾ ನೀನು, ಯಾವ್ದೋ ಕ್ಯಾಸೆಟ್ ಕೇಳ್ಕೊಂಡು ಬಂದ್ಬಿಟ್ಟೆ. ಹನ್ನೊಂದು ಜನಕ್ಕೆ ಬನ್ನಿ ಅಂದಿದೀನಿ."

ಪ್ರಮೋದಾ ವಾದ ಮಾಡಲಿಲ್ಲ. ಬಾಗಿಲ ಬಳಿ ಬಿದ್ದಿದ್ದ ಮರದ ದೊಣ್ಣೆ ತೆಗೆದುಕೊಂಡು, ಅಂಗಿ ತಿರುವುವ ಹಾಗೆ, ಒಂದು ಮೂಲೆಯಿಂದ ಅಡಿಗೊಂದು ಸಲ ನೆಲವನ್ನು ತಟ್ಟುತ್ತ ಬಂದರು. ಟಕ್, ಟಕ್, ಟಕ್. ಮೇಜಿನ ಹತ್ತಿರ ಬಂದಾಗ ಸದ್ದು ಬದಲಾಯಿತು. ದಪ್ಪ ಪದರದಾಚೆ ಖಾಲಿ ಜಾಗವಿದ್ದರೆ ಬರುವ ಸದ್ದು. ಅವರು ದೊಣ್ಣೆ ಕೆಳಗಿಟ್ಟು ಬೆರಳೆತ್ತಿದರು. ಮೂವರೂ ಉಸಿರು ಹಿಡಿದು ನಿಂತೆವು. ಹೊರಗೆ ಬಿಸಿಲು ಬೆಳ್ಳಗಿತ್ತು, ಲಾರಿಗಳು ಓಡುತ್ತಿದ್ದವು. ಆಗ ನಮ್ಮ ಕಾಲ ಕೆಳಗೆ, ಬಹಳ ಕೆಳಗೆ, ಏನೋ ಬಿತ್ತು.

ನವ್ಯಶ್ರೀ ಮೇಜಿನಿಂದ ಹಿಂದೆ ಸರಿದಳು.

ಗಂಗಣ್ಣನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಗೊಣಗಿ ಆಮೇಲೆ ಎಲ್ಲ ಹೇಳಿದ. ಅಜ್ಜನ ಕಾಲದ ಬಾವಿ. ನೀರು ಬತ್ತಿದ ಮೇಲೆ ನಡುವೆ ಅಡ್ಡಕ್ಕೆ ಮರದ ದಿಮ್ಮಿ ಹಾಸಿ, ಅದರ ಮೇಲೆ ಮಗ್ಗದವರು ಬಿಸಾಡಿದ ರೇಷ್ಮೆ ಚಿಂದಿ, ಬೂದಿ, ಮಣ್ಣು ತುಂಬಿದ್ದರು. ತಳದವರೆಗೆ ತುಂಬಲು ಅಷ್ಟು ಮಣ್ಣು ಎಲ್ಲಿಂದ ತರುವುದು? ಬಾವಿ ಮುಚ್ಚಿದರೂ ಅದು ಉಸಿರಾಡಬೇಕೆಂಬ ಪದ್ಧತಿಯಂತೆ ಒಂದು ಕೊಳವೆಯನ್ನೂ ಬಿಟ್ಟಿದ್ದರು. ಜಾಗ ಮಾರಲು ಹೊರಟಾಗ ಬಂದವರೆಲ್ಲ ಇದೇನು ಕೊಳವೆ ಎಂದು ಕೇಳತೊಡಗಿದರು. ಅದಕ್ಕೆ ಕತ್ತರಿಸಿ ತೇಪೆ ಹಾಕಿದ.

"ಬಾವಿ ಐತೆ ಅಂದಿದ್ರೆ ನೀವ್ ತಗೋತಿದ್ರಾ ಸಾವ್ಕಾರ್ರೇ?"

ಬಯ್ಯಬೇಕೆಂದು ಬಾಯಿ ತೆರೆದವನು ಫೋನ್ ಇಟ್ಟೆ. ಸುಟ್ಟ ಎಳೆಯನ್ನು ಸೆರಗಿನ ಮಡಿಕೆಯೊಳಗೆ ಸೇರಿಸಿ ಎಷ್ಟು ಸೀರೆ ಮಾರಿದ್ದೇನೆ ಎಂಬುದು ನನಗೆ ಗೊತ್ತು.

ಮರುದಿನ ಕಾಂಕ್ರೀಟು ಕೊರೆಯುವ ಕೆಂಪರಾಜ್ ಬಂದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತೇಪೆಯ ಪಕ್ಕ ಮೊದಲು ಒಂದು ತೂತು ಹಾಕಿದ. ತೂತಿನಿಂದ ತಣ್ಣನೆಯ ಗಾಳಿ ಬಂತು. ನೆಲಕ್ಕೆ ಹಾಸಿದ್ದ ಹಲಗೆಯ ಮೇಲೆ ಮಲಗಿ, ಕಿಸೆಯಲ್ಲಿದ್ದ ಒಂದು ರೇಷ್ಮೆ ಎಳೆಯನ್ನು ತೂತಿನ ಬಾಯಿಗೆ ಹಿಡಿದೆ. ಎಳೆ ಮೇಲಕ್ಕೆ ಎದ್ದು ನಿಂತು ಆಡಿತು. ಸಂಜೆ ನಾಲ್ಕರ ಹೊತ್ತಿಗೆ ಮತ್ತೆ ಹಿಡಿದೆ. ಈ ಸಲ ಅದು ಒಳಕ್ಕೆ ಹೋಯಿತು. ಬೆರಳಿಗೆ ಸುತ್ತಿದ್ದ ತುದಿ ಬಿಗಿಯಾಗುವವರೆಗೆ ಹೋಯಿತು. ಹವೆಯ ಒತ್ತಡ ಏರಿಳಿಯುತ್ತದೆ, ಅಷ್ಟೇ, ಎಂದ ಕೆಂಪರಾಜ್. ಅಷ್ಟೇ ಎಂದವನು ಆಮೇಲೆ ಆ ತೂತಿಗೆ ಬೆನ್ನು ಹಾಕಿ ಕೂರಲಿಲ್ಲ.

ಸೋಮವಾರ, ಮುಹೂರ್ತವಿದ್ದ ದಿನ, ಸುತ್ತ ಗೆರೆ ಕೊರೆದು ದೂರದಿಂದ ಸುತ್ತಿಗೆ ಹಾಕಿದರು. ಹತ್ತಾದರೂ ಏಟು ಬೇಕಾದೀತೆಂದು ಕೆಂಪರಾಜ್ ಹೇಳಿದ್ದ. ಮೂರನೆಯದಕ್ಕೆ, ಮೇಜು ನಿಂತಿದ್ದಷ್ಟೂ ನೆಲ, ಅದರಾಚೆ ಮಷೀನಿಟ್ಟಿದ್ದ ಎರಡು ಸಾಲಿನ ನೆಲ, ಒಟ್ಟಿಗೆ ಕೆಳಗೆ ಹೋಯಿತು. ಧೂಳು ಇಳಿದ ಮೇಲೆ ಕಲ್ಲು ಕಟ್ಟಿದ ದುಂಡು ಬಾಯಿ ಕಂಡಿತು. ದಿಮ್ಮಿಗಳು ಎಂದೋ ಕೊಳೆತು, ತುಂಬಿದ್ದ ಮಣ್ಣೆಲ್ಲ ಚೂರುಚೂರಾಗಿ ತಳ ಸೇರಿತ್ತು. ಅಂಚಿನಲ್ಲಿ ಮೂವತ್ತು ವರ್ಷದ ರೇಷ್ಮೆ ಚಿಂದಿ ಕೊಳೆತು, ಕೂದಲಿನ ಹಾಗೆ ಜೋತಾಡುತ್ತಿತ್ತು. ಬಣ್ಣ ಮಾತ್ರ ಹೋಗಿರಲಿಲ್ಲ.

ನವ್ಯಶ್ರೀ ಹಗ್ಗದ ಬೇಲಿಗೆ ಒರಗಿ ಬಗ್ಗಿ ನೋಡಿದಳು. ಅವಳ ತುಟಿ ತೆರೆಯಿತು. ಬಾವಿ ಕಂಡವರೆಲ್ಲ ಮಾಡುವಂತೆ ಒಮ್ಮೆ ಕೂಗಿ ನೋಡಬೇಕೆನ್ನಿಸಿತ್ತೇನೋ. ಪ್ರಮೋದಾ ಹಿಂದಿನಿಂದ ಬಂದು ಅವಳ ಬಾಯಿಯ ಮೇಲೆ ಅಂಗೈ ಇಟ್ಟರು.

"ಹೆಸ್ರು ಬೇಡ ಕಣಮ್ಮ."

ಕೇಳಿಸಿದ್ದನ್ನಷ್ಟೇ ನಂಬುವ ಹೆಂಗಸು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಅವರು ಬ್ಯಾಗಿನಿಂದ ಫೋನ್ ತೆಗೆದು, ಒಂದು ಚಪ್ಪಾಳೆ ತಟ್ಟಿ, ನಲವತ್ತು ಸೆಕೆಂಡು ಧ್ವನಿ ಹಿಡಿದುಕೊಂಡರು. ಸಂಸ್ಥೆಯವರು ಅದನ್ನು ಅರವತ್ತೊಂದರ ಪಕ್ಕದಲ್ಲೇ ಇಟ್ಟಿದ್ದಾರಂತೆ. ಯಾರು ಬೇಕಾದರೂ ಕೇಳಬಹುದು. ನಾನು ಕೇಳಿಲ್ಲ. ಕೇಳುವ ಆಸೆಯೂ ಇಲ್ಲ.

ಹೊಲಿಗೆ ಘಟಕ ಈಗ ನನ್ನ ಅಂಗಡಿಯ ಹಿಂದಿನ ಹಜಾರದಲ್ಲಿದೆ. ಮಷೀನಿನ ಸದ್ದು ಜಾಸ್ತಿ ಎಂದು ಪ್ರಮೋದಾ ವಾರಕ್ಕೊಮ್ಮೆ ದೂರು ತರುತ್ತಾರೆ. ನವ್ಯಶ್ರೀ ಅವರಿಗೆ ಕಾಫಿ ಕೊಟ್ಟು ಕಳಿಸುತ್ತಾಳೆ. ನಾನು ಅವರ ಮಾತನ್ನು ಯಾರೋ ಹೇಳಿಕೊಟ್ಟ ವ್ಯಾಪಾರದ ಹೂಟ ಎಂದುಕೊಂಡಿದ್ದೆ. ಅದಕ್ಕೆ ಕ್ಷಮೆಯನ್ನೂ ಕೇಳಿಲ್ಲ, ಧನ್ಯವಾದವನ್ನೂ ಹೇಳಿಲ್ಲ. ಎದುರಿಗೆ ಬಂದರೆ ಎಂದಿನ ಹಾಗೆ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತೇನೆ. ಇಲ್ಲಿ ಬರೆದಿಡುತ್ತೇನೆ: ನನ್ನ ಮಗಳ ಜೀವಕ್ಕೆ, ಹನ್ನೊಂದು ಹೆಂಗಸರ ಜೀವಕ್ಕೆ, ನಾನು ಪ್ರಮೋದಾ ಅವರಿಗೆ ಋಣಿ.