ಶುಕ್ರವಾರದ ಮೇಡಂ

ಕೆರಿಬಿಯನ್ ದ್ವೀಪವೊಂದರಲ್ಲಿ ಹುಟ್ಟಿ, ದೋಹಾದ ಕಾಲೇಜಿನಲ್ಲಿ ಮಾನವಶಾಸ್ತ್ರ ಕಲಿಸುತ್ತಿದ್ದ ಆ ಮೇಡಂ ಶುಕ್ರವಾರಗಳಲ್ಲಿ ಅಲ್ಲಿನ ಬಿನ್ ಮಹಮೂದ್ ಬಡಾವಣೆಯ ನಮ್ಮ ರೂಮಿಗೆ ಬರುತ್ತಿದ್ದರು. ನಾವೆಲ್ಲ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರು. ಅವರು ಬಂದರೆ ಬಾಗಿಲು ತೆರೆದೇ ಇಡುತ್ತಿದ್ದೆವು. ಜನ ಹೇಗೆ ಬದುಕುತ್ತಾರೆಂದು ನೋಡುವುದೇ ತಮ್ಮ ಕೆಲಸ ಎನ್ನುತ್ತಿದ್ದರು. ಅದಕ್ಕೂ ಯಾರಾದರೂ ಸಂಬಳ ಕೊಡುತ್ತಾರೆಯೇ?

ಚಾಪೆಯ ಅಂಚಿನಲ್ಲಿ ಕೂತು, ನಮ್ಮಿಂದ ಕಲಿತ ಒಂದೇ ಕನ್ನಡ ಪದವನ್ನು ಮತ್ತೆ ಮತ್ತೆ ಎಸೆಯುತ್ತಿದ್ದರು: "ಆಮೇಲೆ?" ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ನಮಗೆ ಅದೇ ಹೆಚ್ಚು ಭಯ.

"ಸಿಐಡಿಯೇ ಮಾರಾಯಾ, ಬಾಯಿ ಬಿಡಬೇಡ," ಎಂದಿದ್ದರು ನಮ್ಮ ಜೊತೆಗಿದ್ದ ಹಮೀದಾಕ.

ಒಂದು ಶುಕ್ರವಾರ ನಾನು ಊರಿಗೆ ಕಳಿಸುವ ಕಾರ್ಗೋ ಪೆಟ್ಟಿಗೆ ತುಂಬುತ್ತಿದ್ದೆ. ಒಳಗೆ ಏನೇನಿದೆ, ಮನೆಯಲ್ಲಿ ಯಾರು ಬಿಚ್ಚುತ್ತಾರೆ ಎಂದೆಲ್ಲ ಕೇಳಿದರು. ಕಸ್ಟಮ್ಸಿನವರೇ ಇರಬೇಕೆಂದುಕೊಂಡೆ. ಅಷ್ಟರಲ್ಲಿ ಅವರು ಕೈಹಾಕಿ, ಚಾಕಲೇಟಿನ ಪಕ್ಕದಲ್ಲಿದ್ದ ಸೋಪುಗಳನ್ನೆಲ್ಲ ಹೊರಗೆ ತೆಗೆದರು.

"ಇವನ್ನು ಬೇರೆ ಕಳಿಸಿ," ಎಂದರು ತಮ್ಮ ಅರೆಬರೆ ಹಿಂದಿಯಲ್ಲಿ. "ನನ್ನಮ್ಮ ಲಂಡನ್ನಿನಲ್ಲಿ ನರ್ಸ್ ಆಗಿದ್ದರು. ದ್ವೀಪದಲ್ಲಿದ್ದ ನಮಗೆ ಪೀಪಾಯಿ ತುಂಬ ಸಾಮಾನು ಕಳಿಸುತ್ತಿದ್ದರು. ಚಾಕಲೇಟೆಲ್ಲ ಸೋಪಿನ ರುಚಿ."

"ಆಮೇಲೆ?" ಎಂದೆ ನಾನು.

ಅವರು ಪೆಟ್ಟಿಗೆ ಮುಚ್ಚಿದರು. ಹಗ್ಗ ಬಿಗಿದು ಎದ್ದರು.

"ನಮ್ಮ ಬಾಯಿ ಬಿಡಿಸಲಿಕ್ಕೆ ಇದೊಂದು ಉಪಾಯ," ಎಂದರು ಹಮೀದಾಕ. ನಾನೂ ತಲೆಯಾಡಿಸಿದೆ.

ಪೆಟ್ಟಿಗೆ ಊರು ಮುಟ್ಟಿದ ದಿನ ಮಗಳು ಫೋನ್ ಮಾಡಿದಳು. ದನಿಯಲ್ಲಿ ಅನುಮಾನವಿತ್ತು.

"ಪಪ್ಪಾ, ಈ ಸಲ ಚಾಕಲೇಟಿಗೆ ಸೋಪಿನ ಪರಿಮಳವೇ ಇಲ್ಲ. ನಿಜವಾಗಿ ನೀವೇ ಕಳಿಸಿದ್ದಾ?"