ನಿಗಡಿಯ ಶಾಲೆಗೋಡೆಯ ಒಂಬತ್ತು ಚೌಕಗಳು

೧೯೯೭ರಲ್ಲಿ ನಾನು ಪುಣೆಯ ನಿಗಡಿಯಲ್ಲಿ ಬೋರ್ಡ್ ಪೇಂಟರ್ ಆಗಿದ್ದೆ. ಓದಿದ್ದು ನಾಲ್ಕನೆಯ ತರಗತಿ. ಅಕ್ಷರದ ಅಳತೆ, ಬಣ್ಣದ ಹದ ಇವಿಷ್ಟೇ ನನ್ನ ವಿದ್ಯೆ. ಹತ್ತನೆಯ ತರಗತಿ ಪಾಸಾಗಿದ್ದ ತಂಗಿ ಶಾಂತಾ ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಕ್ಷರಗಳನ್ನು ಗುರುತು ಮಾಡಿಕೊಡುತ್ತಿದ್ದಳು. ನಾನು ಅದರ ಮೇಲೆ ಬಣ್ಣ ತುಂಬುತ್ತಿದ್ದೆ.

ಆ ಮೇ ತಿಂಗಳಲ್ಲಿ ಒಂದು ಚಿಕ್ಕ ಶಾಲೆಯ ಗೋಡೆ ಬರೆಯುವ ಕೆಲಸ ಸಿಕ್ಕಿತು. ಇಪ್ಪತ್ತಾರು ಚೌಕ, ಒಂದೊಂದರಲ್ಲೂ ಒಂದು ಇಂಗ್ಲಿಷ್ ಅಕ್ಷರ, ಅದರ ಕೆಳಗೆ This is a B ಎಂಬಂಥ ಸಾಲು. ಶಾಂತಾಳ ಬರಹ ನೋಡಿದ ಮುಖ್ಯೋಪಾಧ್ಯಾಯಿನಿ, ಜೂನ್‌ನಿಂದ ಶಿಶುವರ್ಗಕ್ಕೆ ಸಹಾಯಕಿಯಾಗಿ ಬಾ ಎಂದಿದ್ದರು. ಆ ವಾರ ಮನೆಯಲ್ಲಿ ಅವಳಿಗೆ ಬೇರೆ ಮಾತೇ ಇರಲಿಲ್ಲ.

F ಕೆಳಗೆ ಅವಳು an ಎಂದು ಗುರುತು ಮಾಡಿದಳು. A, E, I, O, U ಈ ಐದಕ್ಕೇ an ಎಂದು ಯಾರೋ ಹೇಳಿದ್ದು ನನ್ನ ತಲೆಯಲ್ಲಿತ್ತು. ತಪ್ಪು ಎಂದೆ.

“ಅಣ್ಣಾ, ಎಫ್ ಅಂದು ನೋಡು. ಬಾಯಿ ‘ಎ’ದಿಂದ ಸುರು ಆಗ್ತದ. ಎಂ, ಎಸ್ ಹಂಗ. ಯು ಹಂಗಲ್ಲ, ‘ಯ’ದಿಂದ ಸುರು ಆಗ್ತದ, ಅದಕ್ಕ ಬರೇ a.”

“ಹದಿನೈದು ವರ್ಷ ಬೋರ್ಡ್ ಬರದೀನಿ. ನಿನ್ನ ಶಾಣ್ಯಾತನ ಗಂಡನ ಮನ್ಯಾಗ ತೋರಸು.”

ಅವಳು ನಕ್ಕು, ಎಲ್ಲ ಗುರುತು ಮುಗಿಸಿ ಮನೆಗೆ ಹೋದಳು. ನಾನು ಒದ್ದೆ ಬಟ್ಟೆ ತೆಗೆದುಕೊಂಡು ಆ ಐದರ ಲೆಕ್ಕಕ್ಕೆ ಹೊಂದದ ಒಂಬತ್ತು ಕಡೆ ಅವಳು ಬರೆದದ್ದನ್ನು ಒರೆಸಿ, ನನಗೆ ತಿಳಿದಂತೆ ಬಣ್ಣ ಹಚ್ಚಿದೆ.

ಮರುದಿನ ಇಬ್ಬರೂ ಹೋದಾಗ ಮುಖ್ಯೋಪಾಧ್ಯಾಯಿನಿ ಗೋಡೆಯ ಮುಂದೆ ನಿಂತಿದ್ದರು. ಒಂಬತ್ತು ಚೌಕ ತಪ್ಪಾಗಿವೆ, ಇದನ್ನು ಬರೆದದ್ದು ಯಾರು ಎಂದು ಮರಾಠಿಯಲ್ಲಿ ಕೇಳಿದರು.

“ಅಕ್ಷರ ಹಾಕಿಕೊಡೋದು ತಂಗಿ, ಮೇಡಂ. ನಾನು ಓದಿದವನಲ್ಲ,” ಎಂದೆ, ಮರಾಠಿಯಲ್ಲೇ. ಎರಡೂ ಮಾತು ನಿಜ. ಅವುಗಳ ಹಿಂದೆ ಅಡಗಿಕೊಂಡೆ.

ಶಾಂತಾ ನನ್ನ ಮುಖ ನೋಡಿದಳು. ಸೀಮೆಸುಣ್ಣ ಎತ್ತಿಕೊಂಡು ಒಂಬತ್ತನ್ನೂ ಮತ್ತೆ ಗುರುತು ಮಾಡಿದಳು. ಸಂಜೆಯೊಳಗೆ ಗೋಡೆ ಸರಿಯಾಯಿತು. ಜೂನ್‌ನಲ್ಲಿ ಶಿಶುವರ್ಗಕ್ಕೆ ಸಹಾಯಕಿಯಾಗಿ ಬೇರೊಬ್ಬ ಹುಡುಗಿ ಬಂದಳು.

ಜುಲೈನಲ್ಲಿ ನಾನೊಬ್ಬನೇ ಹೋಗಿ ಮುಖ್ಯೋಪಾಧ್ಯಾಯಿನಿಗೆ ನಡೆದದ್ದನ್ನು ಹೇಳಿದೆ. “ಅದೇ ದಿನ ಹೇಳಿದ್ದರೆ ಅವಳನ್ನೇ ಇಟ್ಟುಕೊಳ್ಳುತ್ತಿದ್ದೆ. ಈಗ ಬಂದವಳನ್ನು ಹೇಗೆ ಕಳಿಸಲಿ?” ಎಂದರು.

ಮನೆಗೆ ಬಂದು ಇದನ್ನೂ ಹೇಳಿದೆ. ಶಾಂತಾ ರೊಟ್ಟಿ ಬಡಿಯುತ್ತಲೇ, “ಹೇಳಿ ಬಂದ್ಯಲ್ಲ. ನಿನಗ ಹಗುರಾತು,” ಎಂದಳು.

ಬಣ್ಣದ ತಪ್ಪನ್ನು ಯಾವಾಗ ಬೇಕಾದರೂ ತಿದ್ದಬಹುದು. ತಪ್ಪು ನನ್ನದು ಎಂಬ ಮಾತನ್ನು ಮಾತ್ರ ಕೇಳಿದಾಗಲೇ, ಕೇಳಿದವರ ಎದುರೇ ಆಡಬೇಕೆಂದು ಆ ಕೆಲಸ ನನಗೆ ಕಲಿಸಿತು. ಕಲಿಕೆಯ ಬೆಲೆ ತೆತ್ತವಳು ಶಾಂತಾ. ಮುಂದೆ ಹನ್ನೊಂದು ವರ್ಷ ಅವಳು ಕಾರ್ಖಾನೆಯೊಂದರಲ್ಲಿ ನಿಂತುಕೊಂಡೇ ಡಬ್ಬಿಗಳಿಗೆ ಚೀಟಿ ಅಂಟಿಸಿದಳು.