ಅಧ್ಯಕ್ಷೆ ಹಾಕಿಸಿದ ಹಸಿರು ಚಪ್ಪರ

ನಮ್ಮೂರು ಬಯಲುಸೀಮೆಯ ಮಾಡದಕೆರೆ ಕಡೆಯದು. ಕಡಲು ನೋಡಿದವರು ಇಲ್ಲಿ ಬೆರಳೆಣಿಕೆಯಷ್ಟು ಮಂದಿ. ಹಾಗಿದ್ದೂ ಗಿಡ ನೆಡಿಸಲು ಬಂದ ಕಾರ್ಬನ್ ಕಂಪನಿಯವರು ಮೊದಲ ಸಭೆಯಲ್ಲಿ ನಮಗೆ ತೋರಿಸಿದ್ದು ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಚಿತ್ರಗಳನ್ನು. ಹೆಂಗಸರು ಮೊಣಕಾಲುದ್ದ ಕೆಸರಲ್ಲಿ ನಿಂತು ಸಸಿ ನೆಡುತ್ತಿದ್ದರು, ಪಕ್ಕದಲ್ಲಿ ಏಡಿ ಓಡಾಡುತ್ತಿತ್ತು. ಅಲ್ಲಿ ಊರವರೇ ಕಾಡು ಬೆಳೆಸಿದ್ದಾರೆ, ನೀವೂ ಬೆಳೆಸಿ. ದೂರದ ದೇಶದ ಕಾರ್ಖಾನೆಗಳು ಬಿಟ್ಟ ಹೊಗೆಯನ್ನು ನಿಮ್ಮ ಗಿಡಗಳು ಕುಡಿಯುತ್ತವೆ, ಅದಕ್ಕೆ ಅವರು ಊರಿಗೆ ದುಡ್ಡು ಕೊಡುತ್ತಾರೆ ಎಂದರು. ಅಷ್ಟು ಕೆಸರು ಎಲ್ಲಿಂದ ತರುವುದು ಎಂದು ಯಾರೋ ಕೇಳಿದರು. ಚಿತ್ರ ಬರೀ ಸ್ಫೂರ್ತಿಗೆ, ನಿಮಗೆ ಬೇವು, ಹೊಂಗೆ ಸಾಕು ಎಂದು ಸಮಾಧಾನ ಹೇಳಿದರು.

ಜನರೇ ನಡೆಸುವ ಯೋಜನೆಯಾದ್ದರಿಂದ ಒಂದು ಸಮಿತಿ ಬೇಕಿತ್ತು. ಅಧ್ಯಕ್ಷರು ಹೆಂಗಸಾಗಿರಬೇಕು, ಕುರಿ ಸಾಕುವವರಾದರೆ ಇನ್ನೂ ಒಳ್ಳೆಯದು. ಎರಡೂ ಆಗಿದ್ದ ನಮ್ಮ ದೊಡ್ಡಮ್ಮನ ಕೊರಳಿಗೆ ಹಾರ ಬಿತ್ತು. ಅವಳ ಅಧ್ಯಕ್ಷತೆಯಲ್ಲಿ ಆದ ಮೊದಲ ತೀರ್ಮಾನ, ಊರ ಗೋಮಾಳಕ್ಕೆ ತಂತಿಬೇಲಿ ಹಾಕಿ ಕುರಿಗಳನ್ನು ಹೊರಗಿಡುವುದು. ಕುರಿ ಎಂದರೆ ಮುಖ್ಯವಾಗಿ ಅವಳವೇ. ತೀರ್ಮಾನ ಓದಿದ್ದು ಕಂಪನಿಯವರು, ಕೈ ಎತ್ತಿದ್ದು ಊರು.

ಸಸಿಗಳು ಎದೆಮಟ್ಟ ಬಂದವು. ದೊಡ್ಡಮ್ಮನ ಕುರಿಗಳು ರಸ್ತೆಬದಿಯಲ್ಲಿ, ಕಂಡವರ ಬದುಗಳಲ್ಲಿ ಮೇದು, ಬೈಸಿಕೊಂಡು, ಬಡಕಲಾದವು. ಬೇಲಿ ಹೀಗೇ ಇದ್ದರೆ ಮಂದೆ ಮಾರಿಬಿಡಬೇಕು ಎಂದು ಅವಳು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಅವಳು ಮದುವೆಯಾಗಿ ಬಂದಾಗಿನಿಂದ ಕುರಿಯಿಲ್ಲದೆ ಒಂದು ದಿನ ಕಳೆದವಳಲ್ಲ. ಬೇಲಿ ತೆಗೆಸು ಎಂದೆ. ಅಧ್ಯಕ್ಷೆಗೆ ಅಷ್ಟು ಅಧಿಕಾರ ಇಲ್ಲವಂತೆ ಎಂದಳು. ಅವಳಿಗೆ ಇದ್ದದ್ದು ಬಂದವರನ್ನು ಸತ್ಕರಿಸುವ ಅಧಿಕಾರ ಮಾತ್ರ.

ಅಷ್ಟರಲ್ಲಿ ದುಡ್ಡು ಕೊಡುವವರ ಕಡೆಯಿಂದ ಗಿಡ ಪರೀಕ್ಷೆಗೆ ಸಾಹೇಬರು ಬರುತ್ತಾರೆಂದು ಫೋನ್ ಬಂತು. ದೊಡ್ಡವರು ಬಂದರೆ ಹಸಿ ಸೊಪ್ಪಿನ ಚಪ್ಪರ ಹಾಕದೆ ನಮ್ಮಲ್ಲಿ ಕೂರಿಸುವುದಿಲ್ಲ. ಶಾಮಿಯಾನ ಹಾಕಿದರೆ ಊರಿಗೇ ಅವಮಾನ. ಚಪ್ಪರ ದೊಡ್ಡದಾಗಿರಲಿ ಎಂದು ಅಧ್ಯಕ್ಷೆ ಅಪ್ಪಣೆ ಕೊಟ್ಟಳು. ಆದರೆ ಸೊಪ್ಪು ಎಲ್ಲಿದೆ? ಗೋಮಾಳ ಮುಚ್ಚಿದ ಮೇಲೆ ಊರ ಮರಗಳನ್ನೆಲ್ಲ ಕುರಿಗಾಗಿ ಸವರಿ ಬೋಳು ಮಾಡಿಯಾಗಿತ್ತು. ಗಂಡಸರು ಮಚ್ಚು ಹಿಡಿದು ಬೇಲಿಯೊಳಗೆ ನುಗ್ಗಿದರು. ಮರ್ಯಾದೆಯ ಪ್ರಶ್ನೆ ಬಂದಾಗ ಬೇಡ ಎನ್ನುವವರು ಯಾರು?

ಸಾಹೇಬರು ಚಪ್ಪರದ ತಂಪಿನಲ್ಲಿ ಕೂತು ಎಳನೀರು ಕುಡಿದರು. ಈ ಸೀಮೆಯಲ್ಲಿ ಇಷ್ಟು ಹಸಿರು ನೋಡಿರಲಿಲ್ಲ ಎಂದು ಮೆಚ್ಚಿದರು. ಆಮೇಲೆ ಗೋಮಾಳ ಸುತ್ತಿ ಬಂದರು. ಅಲ್ಲಿ ಇದ್ದದ್ದು ಬರೀ ಕಡ್ಡಿಗಳು. ಬೆವರು ಒರೆಸಿಕೊಳ್ಳುತ್ತಾ, ಗಿಡಗಳೆಲ್ಲಿ ಎಂದು ಅಧ್ಯಕ್ಷೆಯನ್ನು ಕೇಳಿದರು.

"ಆಗ್ಲೇ ಕುಂತಿದ್ರಲ್ಲ ಸ್ವಾಮಿ, ನಿಮ್ ತಲೆ ಮೇಲೇ ಇದ್ವು" ಎಂದಳು ದೊಡ್ಡಮ್ಮ.

ಅವಳ ಮುಗ್ಧತೆಗೆ ನಾನು ನಾಚಿ ತಲೆ ತಗ್ಗಿಸಿದೆ. ಕಂಪನಿಯವರು ಒಂದು ಕಡೆ ನಿಂತು ಗುಸುಗುಸು ಮಾತಾಡಿಕೊಂಡರು. ಮುಂದಿನ ಮಳೆಗಾಲಕ್ಕೆ ಹೊಸ ಸಸಿ ತರುತ್ತೇವೆ, ಅಲ್ಲಿಯವರೆಗೆ ಬೇಲಿ ಕಾಯುವ ಅಗತ್ಯವಿಲ್ಲ ಎಂದು ಗೇಟಿನ ಬೀಗದ ಕೈಯನ್ನು ಅವಳಿಗೇ ಕೊಟ್ಟರು. ಚಪ್ಪರದಿಂದ ಬಿಚ್ಚಿದ ಬೇವಿನ ಸೊಪ್ಪನ್ನು ಮಂದೆ ಆಗಲೇ ಮೇಯತೊಡಗಿತ್ತು.

ಸಾಹೇಬರು ಜೀಪು ಹತ್ತುವಾಗ ದೊಡ್ಡಮ್ಮ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈ ಮುಗಿದಳು.

"ಸಸಿ ದೊಡ್ಡವಾದ್ಮೇಲೆ ಮತ್ತೆ ಬರ್ರಿ ಸ್ವಾಮಿ. ಇದಕ್ಕಿಂತ ದೊಡ್ಡ ಚಪ್ಪರ ಹಾಕಿಸ್ತೀನಿ."